ಯಂತ್ರದಲ್ಲಿ ದೋಷವಿಲ್ಲ

ಹೊರಗಿನ ಬೆಂಚಿನ ಮೇಲೆ ಕೂತಿರುವವಳು ಗೋದಾಮಿನವರೆಲ್ಲ ಜಿಂಕೆ ಎಂದು ಕರೆಯುವ ಹುಡುಗನ ಅಕ್ಕ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದೇ ಉದ್ದ ಕತ್ತು, ಅದೇ ಅಗಲ ಕಿವಿ, ಕೂತಲ್ಲಿಯೂ ಹಿಮ್ಮಡಿ ಎತ್ತಿಕೊಂಡು ಈಗಲೋ ಆಗಲೋ ಎದ್ದು ಓಡುವವಳಂತೆ ಕೂರುವ ಅದೇ ರೀತಿ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಕಾಗದಗಳು. ಬೆಳಗಿನ ಪಾಳಿಯ ಗಂಟೆಗೂ ಮೊದಲೇ ಬಂದಿದ್ದಳು. ನರ್ಸಕ್ಕ ಕೋಣೆಯ ಬೀಗ ತೆಗೆಯುವಾಗ ಎದ್ದು ನಿಂತು, "ಬಿಪಿ ನೋಡೋರು ನೀವೇನಾ?" ಎಂದು ಕೇಳಿದಳು. ನರ್ಸಕ್ಕ ಹೌದೆಂದದ್ದೇ ಅವಳು ಮಾತು ಶುರುಮಾಡಿದಳು. "ಆಸ್ಪತ್ರೆ ಡಾಕ್ಟ್ರು ಕೇಳ್ತಿದಾರೆ, ಮೊದ್ಲಿಂದ ಬಿಪಿ ಇತ್ತಾ, ಯಾರಾದ್ರೂ ನೋಡಿದ್ರಾ ಅಂತ. ಅವನಿಗೆ ಮಾತು ಬರ್ತಿಲ್ಲ, ನಮಗೆ ಗೊತ್ತಿಲ್ಲ. ನಿಮ್ಮತ್ರ ಕಾರ್ಡು ಇರುತ್ತಂತಲ್ಲ. ಗೊತ್ತಿದ್ದೂ ಭಾರ ಹೊರಿಸಿದ್ರೆ ಕಂಪನಿಯವರೇ ಅವನ್ನ ನೋಡ್ಕೋಬೇಕಂತೆ. ಇಲ್ದಿದ್ರೆ ಅದು ನಮ್ಮ ಹಣೆಬರಹ ಅಂತೆ." ಆಫೀಸಿನಲ್ಲಿ ಕೇಳಿ ಕೊಡಬೇಕು, ಕೂತಿರಿ ಎಂದು ನರ್ಸಕ್ಕ ಒಳಗೆ ಬಂದುಬಿಟ್ಟಿದ್ದಳು. ಹೇಳಿದ್ದು ಸುಳ್ಳಲ್ಲ. ಆದರೆ ಸುಳ್ಳಲ್ಲದ ಮಾತು ಹೇಳಿಯೂ ಮನುಷ್ಯರು ಹೀಗೆ ಬೆನ್ನು ತಿರುಗಿಸಿ ತಪ್ಪಿಸಿಕೊಳ್ಳಬಹುದು ಎಂದು ಅವಳಿಗೆ ಇವತ್ತು ಗೊತ್ತಾಯಿತು.

ಕಾರ್ಡು ಎಲ್ಲಿಗೂ ಹೋಗಿರಲಿಲ್ಲ. ಅವಳ ಮೇಜಿನ ಮೇಲಿನ ತಗಡಿನ ಡಬ್ಬದಲ್ಲೇ ಇತ್ತು. ತಿಂಗಳಿಗೊಂದರಂತೆ ಹದಿನಾಲ್ಕು ಸಾಲು. ಹದಿನಾಲ್ಕರಲ್ಲೂ ಅವಳದೇ ಗುಂಡು ಕೈಬರಹದಲ್ಲಿ ನೂರಿಪ್ಪತ್ತು, ಎಂಬತ್ತು. ತೂಕ ಐವತ್ತೊಂಬತ್ತು. ವಯಸ್ಸು ಇಪ್ಪತ್ಮೂರು. ಷರಾ ಎಂಬ ಜಾಗದಲ್ಲಿ ಪ್ರತಿಸಲವೂ ಒಂದೇ ಪದ: ಸದೃಢ. ಪಾರ್ಸೆಲ್ಲುಗಳನ್ನು ಓಡುವ ಬೆಲ್ಟಿನ ಮೇಲೆ ಹಾಕಿ ಊರೂರಿಗೆ ಬೇರ್ಪಡಿಸಿ ಕಳಿಸುವ ಈ ಗೋದಾಮಿನಲ್ಲಿ ಆರುನೂರು ಜನ, ಮೂವತ್ತು ದಾಟಿದವರು ಕೈಬೆರಳಲ್ಲಿ ಎಣಿಸುವಷ್ಟು. ಆರುನೂರು ತೋಳುಗಳಿಗೆ ಬಿಪಿ ಪಟ್ಟಿ ಸುತ್ತಲು ಅವಳೊಬ್ಬಳು. ಕೆಲಸಕ್ಕೆ ಸೇರಿದ ದಿನವೇ ಸೇಫ್ಟಿ ಆಫೀಸರ್ ದಾರಿ ತೋರಿಸಿಕೊಟ್ಟಿದ್ದ: "ಒಬ್ಬೊಬ್ಬನಿಗೆ ಐದೈದು ನಿಮಿಷ ಕೊಟ್ರೆ ಬೆಲ್ಟು ನಿಂತುಹೋಗುತ್ತೆ ಕಣಮ್ಮ. ತೆಳ್ಳಗಿರೋ ಹುಡುಗ್ರಿಗೆ ಏನಿರುತ್ತೆ? ನೋಡಿದ್ರೇ ಗೊತ್ತಾಗುತ್ತೆ. ನೂರಿಪ್ಪತ್ತು ಎಂಬತ್ತು ಹಾಕಿ ಕಳಿಸು. ದಪ್ಪ ಇರೋರ್ನ ಮಾತ್ರ ಸರಿಯಾಗಿ ಹಿಡ್ಕೊ." ಹೇಳುತ್ತ ಹೇಳುತ್ತ ಅವನ ಕಣ್ಣು ಅವಳ ಕುತ್ತಿಗೆಯಿಂದ ಇಳಿದು ಸೊಂಟದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಿತ್ತು. "ನಿಂಗೇನು ಹೇಳಿಕೊಡೋದು, ಅದರ ಕಷ್ಟ ನಿಂಗೇ ಗೊತ್ತಿರುತ್ತೆ." ಅಂದಿನಿಂದ ಕಾರ್ಡಿನ ದಿನ ಬಂದಾಗಲೆಲ್ಲ ದಪ್ಪಗಿದ್ದವರು ಪಟ್ಟಿಗೆ ತೋಳು ಕೊಟ್ಟರು. ಅಂಕಿ ಗೆರೆ ದಾಟಿದರೆ ಕೆಂಪು ಚೀಟಿ ಹಿಡಿದು, ಡಾಕ್ಟರರ ಪತ್ರ ಸಿಗುವವರೆಗೆ ಕೆಲಸವಿಲ್ಲದೆ ಮನೆಯಲ್ಲಿ ಕೂತರು. ತೆಳ್ಳಗಿದ್ದವರು ಅವಳ ಕಣ್ಣಳತೆಯಲ್ಲೇ ಪಾಸಾಗಿ ಬೆಲ್ಟಿನ ಕಡೆಗೆ ಓಡಿದರು.

ಅವಳದು ತೊಂಬತ್ತೊಂದು ಕಿಲೋ. ವಯಸ್ಸು ಇಪ್ಪತ್ತಾರು. ಮೂಲೆಯಲ್ಲಿರುವ ತೂಕದ ಯಂತ್ರವನ್ನು ಅವಳು ದಿನವೂ ಒರೆಸುತ್ತಾಳೆ, ಬಾಗಿಲು ತೆರೆದಿರುವಾಗ ಹತ್ತುವುದಿಲ್ಲ. ಗೋದಾಮಿನ ಹುಡುಗರು ಎದುರಿಗೆ ನರ್ಸಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಡ್ರಮ್ಮು. ಅದೂ ಬೆನ್ನಿಗೆ ಕೇಳಿಸುವ ಹಾಗೆಯೇ. ಬಸ್ಸಿನಲ್ಲಿ ಪಕ್ಕದ ಸೀಟಿನವರು ನಿಟ್ಟುಸಿರು ಬಿಟ್ಟು ಸರಿಯುವುದು, ಅಂಗಡಿಯವನು ಬಟ್ಟೆ ತೋರಿಸುವ ಮೊದಲೇ "ನಿಮ್ಮ ಸೈಜ್ ಬರೋದಿಲ್ಲ ಮೇಡಂ" ಎನ್ನುವುದು, ಮನೆಯಲ್ಲಿ ತಮ್ಮ ಸೋಫಾದಿಂದ ಎದ್ದು ನಿಂತು "ಬಾ, ಇಬ್ಬರ ಜಾಗ ಖಾಲಿ ಮಾಡಿದೀನಿ" ಎನ್ನುವುದು, ಅಮ್ಮ ಅವಳ ತಟ್ಟೆಗೆ ಮಾತ್ರ ಸೌಟನ್ನು ಅರ್ಧ ಬಗ್ಗಿಸಿ ಹಿಂತೆಗೆಯುವುದು. ಇವೆಲ್ಲ ಒಂದೊಂದಾಗಿ ನೋಡಿದರೆ ಜಗಳ ಮಾಡುವಷ್ಟು ದೊಡ್ಡ ಸಂಗತಿಗಳಲ್ಲ. ಆದರೆ ನಲ್ಲಿಯಿಂದ ತೊಟ್ಟಿಕ್ಕುವ ನೀರಿಗೆ ಕಲ್ಲು ಸವೆಯುವ ಹಾಗೆ, ಅವಳಿಗೆ ಅರಿವಿಲ್ಲದೆಯೇ ಒಳಗೊಂದು ಗುಂಡಿ ಬಿದ್ದಿತ್ತು. ಆ ಗುಂಡಿಯಲ್ಲಿ ಒಂದು ನಂಬಿಕೆ ನಿಂತುಬಿಟ್ಟಿತ್ತು: ಇವರೆಲ್ಲ ಹೇಳುವುದು ಸರಿ. ಈ ಮೈ ಕೆಟ್ಟ ಮೈ. ಯಾವತ್ತೋ ಒಂದು ದಿನ ಇದು ನನ್ನನ್ನು ಕೆಡವುತ್ತದೆ, ನಾನು ಅದಕ್ಕೆ ಯೋಗ್ಯಳೇ. ಬೇರೆಯವರ ತೋಳಿಗೆ ದಿನಕ್ಕೆ ನಲವತ್ತು ಸಲ ಸುತ್ತುವ ಪಟ್ಟಿಯನ್ನು ತನ್ನ ತೋಳಿಗೆ ಅವಳು ಮೊನ್ನೆಮೊನ್ನೆಯವರೆಗೆ ನಾಲ್ಕು ವರ್ಷ ಸುತ್ತಿರಲಿಲ್ಲ. ನೋಡುವುದೇನಿದೆ? ನೋಡಿದರೇ ಗೊತ್ತಾಗುತ್ತದಲ್ಲ.

"ನರ್ಸಕ್ಕ, ಎಲ್ಲಿದೀರಿ?" ಎದುರಿಗೆ ಕೂತ ಪ್ಯಾಕಿಂಗಿನ ಹುಡುಗಿ ತೋಳು ಚಾಚಿಕೊಂಡೇ ಇದ್ದಳು. ಇವತ್ತೂ ಕಾರ್ಡಿನ ದಿನವೇ. ಸಾಲಿನಲ್ಲಿ ಹತ್ತೋ ಹನ್ನೆರಡೋ ಜನ. "ಸ್ವಲ್ಪ ಸಡಿಲ ಸುತ್ತಿ ಅಕ್ಕ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ತೂಕ ಕಮ್ಮಿ ಬರ್ಲಿ ಅಂತ." ಹಿಂದಿನಿಂದ ಯಾರೋ ಹುಡುಗ, "ನೀನು ಹಿಂದಿನ ವಾರ ತಿಂದಿದ್ದನ್ನೂ ವಾಪಸ್ ಕೊಡ್ಬೇಕಾಗುತ್ತೆ ತಾಯಿ" ಎಂದ. ಸಾಲು ನಕ್ಕಿತು. ಆ ಹುಡುಗಿಯೂ ನಕ್ಕಳು. ತಾನು ನಗದಿದ್ದರೆ ನಗು ಇನ್ನೂ ದೊಡ್ಡದಾಗುತ್ತದೆ ಎಂದು ಗೊತ್ತಿರುವವರು ನಗುವ ನಗು ಅದು. ನರ್ಸಕ್ಕ ಆ ನಗುವನ್ನು ತನ್ನ ಕೆನ್ನೆಯಲ್ಲೇ ಗುರುತಿಸಿದಳು. ಬಾಗಿಲಿನಾಚೆ ಜಿಂಕೆಯ ಅಕ್ಕ ಕತ್ತು ಚಾಚಿ ಒಳಗೆ ನೋಡುತ್ತಿದ್ದಳು. ಜಿಂಕೆಯೂ ಹೀಗೇ ಬಾಗಿಲಲ್ಲಿ ಕತ್ತು ಚಾಚುತ್ತಿದ್ದ. ಇಡೀ ಗೋದಾಮಿನಲ್ಲಿ ಅವಳನ್ನು ಡ್ರಮ್ಮು ಎನ್ನದೆ ಇದ್ದವನು ಅವನೊಬ್ಬನೇ ಇರಬೇಕು. ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ಓಡಿ, ಜಿಮ್ಮಿನಲ್ಲಿ ಯಾವುದೋ ಪುಡಿ ಕಲಸಿ ಕುಡಿದು, ಪಾಳಿಗೆ ಬಂದು ಮತ್ತೆ ಬೆಲ್ಟಿನಿಂದ ಬೆಲ್ಟಿಗೆ ಓಡುತ್ತಿದ್ದ. ಗೋಡೆಗೆ ಅಂಟಿಸಿರುವ 'ಆರೋಗ್ಯವೇ ಉತ್ಸಾಹ' ಎಂಬ ಕಂಪನಿಯ ಪೋಸ್ಟರಿನಲ್ಲಿರುವುದೂ ಅವನದೇ ಫೋಟೋ. ಒಂದು ದಿನ, "ಬೆಳಿಗ್ಗೆ ನನ್ನ ಜೊತೆ ಬನ್ನಿ ಅಕ್ಕ, ನಿಧಾನಕ್ಕೆ ಓಡೋಣ" ಎಂದಿದ್ದ. ಅವನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಆದರೂ ಅವಳಿಗೆ ಎರಡು ದಿನ ಊಟ ಸೇರಿರಲಿಲ್ಲ. ಆಮೇಲೆ ಅವನ ಕಾರ್ಡಿನಲ್ಲಿ ಸದೃಢ ಎಂದು ಬರೆಯುವಾಗಲೆಲ್ಲ ಅಕ್ಷರ ಸ್ವಲ್ಪ ಒತ್ತಿ ಮೂಡುತ್ತಿತ್ತು. ಅದು ಅಸೂಯೆಯೋ ಏನೋ. ಇದ್ದರೂ ಇರಬಹುದು.

ಅವನು ಕೊನೆಯ ಸಲ ಕಾರ್ಡಿಗೆ ಬಂದ ದಿನ ಸಾಲು ಇದಕ್ಕಿಂತ ಉದ್ದವಿತ್ತು. ಅವಳು ರೂಢಿಯಂತೆ ಕಾರ್ಡು ಎಳೆದುಕೊಂಡು ನೂರಿಪ್ಪತ್ತು ಎಂಬತ್ತು ಬರೆದು ಮುಗಿಸಿದ್ದಳು. "ಅಕ್ಕ, ಇವತ್ತು ನಿಜವಾಗ್ಲೂ ನೋಡಿ, ತಲೆ ಸಿಡೀತಿದೆ. ಮೂರು ದಿನದಿಂದ." ಅವನು ಪಿಸುಗುಟ್ಟಿ ಕೇಳಿದ್ದ, ಸಾಲಿನಲ್ಲಿರುವವರಿಗೆ ಕೇಳಿಸಿದರೆ ನಗುತ್ತಾರೆಂದು. ಸುತ್ತಿದಳು. ನೂರಾ ಎಪ್ಪತ್ತೆರಡು, ನೂರಾ ಹದಿನಾಲ್ಕು. ಬಿಚ್ಚಿ ಮತ್ತೆ ಸುತ್ತಿದಳು. ನೂರಾ ಎಪ್ಪತ್ತು, ನೂರಾ ಹದಿನಾಲ್ಕು. ಆ ಅಂಕಿಗಳನ್ನೂ, ಪಟ್ಟಿಯೊಳಗಿದ್ದ ಆ ಹಗ್ಗ ಹೊಸೆದಂಥ ತೋಳನ್ನೂ ನೋಡಿದಳು. ಎರಡೂ ಒಂದಕ್ಕೊಂದು ಹೊಂದಲಿಲ್ಲ. ಆಗ ಅವಳಿಗೆ ಆ ಉಪಾಯ ಹೊಳೆಯಿತು. ಯಾವ ಶತ್ರುವೂ ಅವಳಿಗೆ ಹೇಳಿಕೊಡದ, ಅವಳಂಥವಳೊಬ್ಬಳಿಗೆ ಮಾತ್ರ ಹೊಳೆಯಬಹುದಾದ ಉಪಾಯ. "ಇರು, ಮೆಷಿನ್ ಸರಿ ಇದೆಯಾ ನೋಡೋಣ" ಎಂದು ಅಗಲದ ಪಟ್ಟಿ ಹುಡುಕಿ ತನ್ನ ತೋಳಿಗೇ ಸುತ್ತಿಕೊಂಡಳು. ಪಟ್ಟಿ ಉಬ್ಬಿತು, ಹಿಡಿಯಿತು, ಉಸಿರು ಬಿಟ್ಟಿತು. ನೂರಾ ಹದಿನೆಂಟು, ಎಪ್ಪತ್ತಾರು. ಅವಳು ಗೊಳ್ಳನೆ ನಕ್ಕುಬಿಟ್ಟಳು. ಅವನಿಗೂ ತೋರಿಸಿದಳು. "ನೋಡೋ ಇಲ್ಲಿ, ನಂಗೆ ನೂರಾ ಹದಿನೆಂಟಂತೆ, ನಿಂಗೆ ನೂರಾ ಎಪ್ಪತ್ತೆರಡಂತೆ. ಇದಕ್ಕೆ ಪೂರ್ತಿ ತಲೆ ಕೆಟ್ಟಿದೆ." ಅವನೂ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು, ಇಷ್ಟು ಚೆನ್ನಾಗಿ ನರ್ಸಕ್ಕ ಯಾವತ್ತೂ ತಮಾಷೆ ಮಾಡಿರಲಿಲ್ಲ. "ನೀರು ಜಾಸ್ತಿ ಕುಡಿ, ನಿದ್ದೆ ಮಾಡು" ಎಂದು ಎರಡು ಮಾತ್ರೆ ಕೊಟ್ಟು ಕಳಿಸಿದಳು. ದುರಸ್ತಿ ಪುಸ್ತಕದಲ್ಲಿ 'ಯಂತ್ರ ತಪ್ಪು ತೋರಿಸುತ್ತಿದೆ' ಎಂದು ಬರೆದು ಸಹಿ ಹಾಕಿದಳು. ಕಾರ್ಡಿನಲ್ಲಿ ಬರೆದದ್ದನ್ನು ತಿದ್ದುವ ಪ್ರಶ್ನೆಯೇ ಬರಲಿಲ್ಲ.

ಮೂರನೆಯ ದಿನ ಯಂತ್ರ ವಾಪಸು ಬಂತು. ಜೊತೆಗೊಂದು ಚೀಟಿ: 'ಪರೀಕ್ಷಿಸಲಾಗಿದೆ. ಯಂತ್ರದಲ್ಲಿ ದೋಷವಿಲ್ಲ.' ಕೆಳಗೆ ಸಹಿ, ತಾರೀಖು. ಅವನನ್ನು ಸೇರಿಸಿದ ಆಸ್ಪತ್ರೆಯ ಹೊರಗೆ ಮೊದಲ ದಿನ ಗೋಡೆಗೆ ಒರಗಿ ನಿಂತಾಗಿನಿಂದ ಅವಳು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿರುವುದು ಈ ಚೀಟಿಯನ್ನಲ್ಲ, ಅದನ್ನು ಓದಿದಾಗ ತನ್ನೊಳಗೆ ಆದದ್ದನ್ನು. ಆದದ್ದು ಸಂತೋಷ. ಚೀಟಿ ಓದಿದವಳು ಬಾಗಿಲು ಹಾಕಿಕೊಂಡು ಮತ್ತೊಮ್ಮೆ ಪಟ್ಟಿ ಸುತ್ತಿಕೊಂಡಳು. ನೂರಾ ಹದಿನಾರು. ಇನ್ನೊಮ್ಮೆ. ನೂರಾ ಹದಿನೆಂಟು. ಹಾಗಾದರೆ ಈ ಮೈ ಕೆಟ್ಟದ್ದಲ್ಲ! ಇಷ್ಟು ವರ್ಷ ಬೈಸಿಕೊಂಡು, ಅರ್ಧ ಸೌಟು ಉಂಡು, ಮೂಲೆ ಸೀಟಿನಲ್ಲಿ ಮುದುರಿಕೊಂಡು ಕೂತ ಈ ಮೈಯೊಳಗೆ ರಕ್ತ ತನ್ನಷ್ಟಕ್ಕೆ, ಯಾರ ಮೇಲೂ ಸಿಟ್ಟಿಲ್ಲದೆ, ನೆಟ್ಟಗೆ ಹರಿಯುತ್ತಿತ್ತು. ಆ ಸಂಜೆ ಚೀಟಿಯನ್ನು ಮನೆಗೆ ಒಯ್ದು ಶಾಲೆಯ ಹುಡುಗಿ ಅಂಕಪಟ್ಟಿ ತೋರಿಸುವಂತೆ ಅಮ್ಮನಿಗೆ ತೋರಿಸಿದ್ದಳು. "ನಂಗೆ ಬಿಪಿ ಇಲ್ಲಮ್ಮ. ನಾರ್ಮಲ್." ಅಮ್ಮ ಚೀಟಿಯ ಕಡೆ ನೋಡದೆ ಅವಳ ತೋಳಿನ ಕಡೆ ನೋಡಿ, "ಆ ಮೆಷಿನ್ನೇ ಕೆಟ್ಟಿರ್ಬೇಕು ಬಿಡೇ" ಎಂದಳು. "ಕೆಟ್ಟಿಲ್ಲ ಅಂತಾನೇ ಬರ್ದಿದಾರೆ, ಓದು!" ಎಂದು ಅವಳು ಹಟ ಹಿಡಿದು ಓದಿ ಹೇಳಿದಳು. ಯಂತ್ರದಲ್ಲಿ ದೋಷವಿಲ್ಲ, ಯಂತ್ರದಲ್ಲಿ ದೋಷವಿಲ್ಲ. ಎರಡೆರಡು ಸಲ, ಗಟ್ಟಿಯಾಗಿ. ಅದೇ ಮಾತಿನ ಇನ್ನೊಂದು ಅರ್ಧ ಅವಳಿಗೆ ಕೇಳಿಸಲಿಲ್ಲ. ಒಂಬತ್ತು ದಿನ ಕೇಳಿಸಲಿಲ್ಲ. ಒಂಬತ್ತು ದಿನ ಅವಳು ಬಸ್ಸಿನಲ್ಲಿ ಕಾಲು ಚಾಚಿ ಕೂತಳು, ಎರಡನೆಯ ಸಲ ಬಡಿಸಿಕೊಂಡಳು, ಕಾರಿಡಾರಿನಲ್ಲಿ ಜಿಂಕೆ ಹಣೆ ಒತ್ತಿಕೊಳ್ಳುತ್ತ ಎದುರಾದಾಗ, "ನಿದ್ದೆಗೆಟ್ಟು ಫೋನ್ ನೋಡ್ತೀಯಲ್ಲೋ" ಎಂದು ಬೈದು ನಗುತ್ತ ಮುಂದೆ ಹೋದಳು.

ಹತ್ತನೆಯ ದಿನ ಅವನು ನಾಲ್ಕನೆಯ ಬೆಲ್ಟಿನ ಪಕ್ಕ ಮೊಣಕಾಲೂರಿದ. ಅವಳು ಹೋಗುವಷ್ಟರಲ್ಲಿ ಬಾಯಿ ಒಂದು ಕಡೆಗೆ ಜಾರಿತ್ತು. ಅವಳನ್ನು ನೋಡಿ ಏನೋ ಹೇಳಲು ಹೋದ. ಮಾತು ಬರಲಿಲ್ಲ, ಜೊಲ್ಲು ಬಂತು. ಅವನಿಗೆ ನಾಚಿಕೆಯಾಯಿತು. ಅದೊಂದನ್ನು ಅವಳು ಸ್ಪಷ್ಟವಾಗಿ ಕಂಡಳು. ಅರ್ಧ ಮುಖ ಸತ್ತುಹೋದ ಮೇಲೂ ಉಳಿದರ್ಧ ಮುಖದಲ್ಲಿ ಅವನಿಗೆ ನಾಚಿಕೆಯಾಗುತ್ತಿತ್ತು. ಪಟ್ಟಿ ಸುತ್ತಿದಾಗ ಇನ್ನೂರಾ ಹತ್ತು. ಆ ಕ್ಷಣದಲ್ಲಿ ಚೀಟಿಯ ಉಳಿದರ್ಧ ಅವಳಿಗೆ ಓದಲು ಬಂತು. ಬೆಲ್ಟು ನಿಂತಿರಲಿಲ್ಲ. ಅವನ ತಲೆಯ ಮೇಲಿಂದ ಜನರ ಹೊಸ ಬೂಟುಗಳು, ಹೊಸ ಫೋನುಗಳು, ತೂಕ ಇಳಿಸುವ ಪುಡಿಯ ಡಬ್ಬಗಳು ಸಾಲಾಗಿ ಸಾಗುತ್ತಲೇ ಇದ್ದವು. ಅದಾಗಿ ಇವತ್ತಿಗೆ ಆರು ದಿನ. ಮೂತ್ರಪಿಂಡಗಳು ಎಷ್ಟೋ ಕಾಲದಿಂದ ಸೋತಿದ್ದವಂತೆ, ರಕ್ತದ ಒತ್ತಡ ಅಲ್ಲಿಂದಲೇ ಏರಿದ್ದಂತೆ. ತೆಳ್ಳಗಿರುವುದಕ್ಕೂ ಓಡುವುದಕ್ಕೂ ಆ ಕಾಯಿಲೆ ಹೆದರುವುದೇ ಇಲ್ಲವಂತೆ. ಡಾಕ್ಟರು ಹೇಳಿದ್ದನ್ನು ಜೊತೆಯ ಹುಡುಗರು ಬಂದು ಹೇಳಿದ್ದರು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕಾರ್ಡನ್ನೂ ಚೀಟಿಯನ್ನೂ ಹಿಡಿದು ಸೇಫ್ಟಿ ಆಫೀಸರನ ಕೋಣೆಗೆ ಹೋದಳು. ಬೆಂಚಿನ ಮುಂದೆ ಹಾದುಹೋಗುವಾಗ ಜಿಂಕೆಯ ಅಕ್ಕ ಎದ್ದು ನಿಂತಳು. "ಇನ್ನೊಂದು ಹತ್ತು ನಿಮಿಷ" ಎಂದು ಅವಳು ನೆಲ ನೋಡಿಕೊಂಡೇ ದಾಟಿದಳು. ಆಫೀಸರ್ ಊಟದ ಡಬ್ಬಿ ತೊಳೆದು ಒರೆಸುತ್ತಿದ್ದ. ಅವಳು ನಿಂತಲ್ಲಿಯೇ ಎಲ್ಲವನ್ನೂ ಹೇಳಿದಳು. ಉಸಿರು ಹಿಡಿಯದೆ, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ. ಅವನು ಮುಚ್ಚಳ ಹಾಕಿ, ಕೈ ಒರೆಸಿಕೊಂಡು, "ಎಷ್ಟು ಬಂದಿತ್ತು ಅಂದೆ?" ಎಂದ.

"ನೂರಾ ಎಪ್ಪತ್ತೆರಡು ಸಾರ್. ಕೆಳಗಡೆದು ನೂರಾ ಹದಿನಾಲ್ಕು."

"ಎಲ್ಲಿದೆ ಅದು?"

"ಬರೆದಿಲ್ಲ ಸಾರ್. ಮೆಷಿನ್ ಒಳಗಿತ್ತು. ರಿಪೇರಿಯವರು ಹಳೇದೆಲ್ಲ ಅಳಿಸಿದಾರೆ."

"ಇದ್ರೂ ಏನು? ಕೆಟ್ಟ ಮೆಷಿನ್ ತೋರ್ಸಿದ ಅಂಕಿ. ತಪ್ಪು ತೋರಿಸ್ತಿದೆ ಅಂತ ನೀನೇ ಬರ್ದು ಸಹಿ ಹಾಕಿದೀಯ."

"ಕೆಟ್ಟಿರ್ಲಿಲ್ಲ ಸಾರ್. ಚೀಟಿ ನೋಡಿ."

ಅವನು ಚೀಟಿ ತೆಗೆದುಕೊಂಡು ಓದಿದ. ಓದಿದ ಮೇಲೆ ಅವನ ಮುಖ ಬಿಚ್ಚಿಕೊಂಡಿತು, ಬೆಳಿಗ್ಗೆಯಿಂದ ಹುಡುಕುತ್ತಿದ್ದ ಕೀಲಿ ಜೇಬಿನಲ್ಲೇ ಸಿಕ್ಕಿದವನ ಹಾಗೆ. "ಒಳ್ಳೇದೇ ಆಯ್ತಲ್ಲಮ್ಮ. ಮೆಷಿನ್ ಸರಿ ಇತ್ತು. ಸರಿ ಇರೋ ಮೆಷಿನ್ ಇಟ್ಕೊಂಡು ನೀನು ಕಾರ್ಡಲ್ಲಿ ಬರ್ದಿರೋದು ನೂರಿಪ್ಪತ್ತು ಎಂಬತ್ತು. ಸಹಿ ಯಾರ್ದು?"

"ನಂದೇ ಸಾರ್. ಆದ್ರೆ ನಾನು ನೋಡದೇ…"

"ನೋಡದೇ ಬರ್ದೆ ಅಂತ ಹೇಳ್ತೀಯಾ? ಹಾಗಾದ್ರೆ ಆರುನೂರು ಕಾರ್ಡೂ ಸುಳ್ಳು. ಬರ್ದೋಳು ಯಾರು?"

"ಹಾಗೆ ಬರಿ ಅಂದಿದ್ದು ನೀವಲ್ವಾ ಸಾರ್?"

"ಎಲ್ಲಿ ಬರ್ದಿದೆ?"

ಅವನ ದನಿ ಏರಿರಲಿಲ್ಲ. ಕೂಗಿದ್ದರೆ ತಿರುಗಿ ಕೂಗಬಹುದಿತ್ತು. ಅವನು ಚೀಟಿಯನ್ನು ಕಾರ್ಡಿನ ಬೆನ್ನಿಗಿಟ್ಟು ಪಿನ್ನು ಹೊಡೆದು, ಎರಡನ್ನೂ ಒಂದು ಫೈಲಿಗೆ ಸೇರಿಸಿ, ಫೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಜಗತ್ತಿನಲ್ಲಿ ತನ್ನ ಬಳಿಯಿದ್ದ ಒಂದೇ ಸಾಕ್ಷಿಯನ್ನು ತಾನೇ ನಡೆದು ಬಂದು ಕೈಯಾರೆ ಅವನಿಗೆ ಒಪ್ಪಿಸಿದ್ದೇನೆಂದು ಅವಳಿಗೆ ಬೀಗದ ಸದ್ದಾದ ಮೇಲೆ ತಿಳಿಯಿತು. ಯಂತ್ರ ಕೆಟ್ಟಿದ್ದರೂ ಅವರದೇ, ಸರಿ ಇದ್ದರೂ ಅವರದೇ. ಹುಡುಗ ಓಡುವಾಗ ಪೋಸ್ಟರಿಗೆ ಬೇಕು, ಬಿದ್ದ ಮೇಲೆ ಅವನು ಕುಡಿದ ಪುಡಿಯ ಮೇಲೆ ತಪ್ಪು ಹಾಕಿದರಾಯಿತು. ದಪ್ಪಗಿರುವವರು ತಮ್ಮ ತಪ್ಪಿಗೆ ದಪ್ಪ, ತೆಳ್ಳಗಿರುವವರು ತಮ್ಮ ತಪ್ಪಿಗೆ ಬೀಳುತ್ತಾರೆ. "ಕೂತ್ಕೊ, ನೀರು ಕುಡಿ. ನಿನ್ನ ಮೈಗೆ ಟೆನ್ಷನ್ ಆಗ್ಬಾರ್ದು" ಎಂದು ಅವನು ನಿಜವಾದ ಕಕ್ಕುಲಾತಿಯಿಂದಲೇ ಕುರ್ಚಿ ತೋರಿಸಿದ. ಅದಕ್ಕೆ ಎರಡೂ ಕಡೆ ಕೈಗಳಿದ್ದವು. ಅದರೊಳಗೆ ಅವಳು ಹಿಡಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ನಿಂತೇ ನೀರು ಕುಡಿದು ಬಂದಳು.

ಜಿಂಕೆಯ ಅಕ್ಕನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ಹಾಕಿದಳು. ಆಫೀಸರನಿಗೆ ಹೇಳಿದ್ದನ್ನೇ ಮತ್ತೆ ಹೇಳಬೇಕಿತ್ತು. ಆದರೆ ಅಲ್ಲಿ ಸರಾಗವಾಗಿ ಬಂದದ್ದು ಇಲ್ಲಿ ತುಂಡು ತುಂಡಾಗಿ ಬಂತು. ಅವನು ಕೇಳಿ ನೋಡಿಸಿಕೊಂಡದ್ದು, ಬಂದ ಅಂಕಿ, ತಾನು ತನ್ನ ತೋಳಿಗೆ ಸುತ್ತಿಕೊಂಡದ್ದು, ನಕ್ಕದ್ದು. ನಕ್ಕದ್ದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಒಂಬತ್ತು ದಿನದ ಸಂತೋಷವನ್ನೂ ಹೇಳಿದಳು. ಆ ಅಕ್ಕ ಚೀಲವನ್ನು ಎದೆಗೊತ್ತಿಕೊಂಡು ಎಲ್ಲವನ್ನೂ ಕೇಳಿದಳು. ಆಮೇಲೆ ಅವಳನ್ನು ತಲೆಯಿಂದ ಕಾಲಿನವರೆಗೆ, ಅವಸರವಿಲ್ಲದೆ, ಒಂದು ಸಲ ನೋಡಿದಳು.

"ಅಂದ್ರೆ… ನೀವು ದಪ್ಪ ಇದೀರ ಅಂತ ನನ್ನ ತಮ್ಮನಿಗೆ ಕಾಯಿಲೆ ಇಲ್ಲ ಅಂತ ಬರೆದ್ರಾ?"

ಎಷ್ಟು ಜನ ಎಷ್ಟು ಬಗೆಯಲ್ಲಿ ಆಡಿಕೊಂಡಿದ್ದರು ಅವಳ ಮೈಯನ್ನು! ಒಬ್ಬರೂ ಇಷ್ಟು ನೇರವಾಗಿ, ಇಷ್ಟು ನ್ಯಾಯವಾಗಿ ಆಡಿರಲಿಲ್ಲ. "ಹೌದು" ಎಂದಳು.

ಆ ಅಕ್ಕ ಕೂಗಾಡಬಹುದು, ಹೊಡೆಯಬಹುದು, ಹೊಡೆದರೆ ಒಳ್ಳೆಯದು ಎಂದು ಕಾದಳು. ಅಂಥದ್ದೇನೂ ಆಗಲಿಲ್ಲ. "ಬರ್ದುಕೊಡಿ ಹಾಗಾದ್ರೆ. ಈಗ ಹೇಳಿದ್ದನ್ನೇ" ಎಂದಳು ಆ ಅಕ್ಕ. ನರ್ಸಕ್ಕ ಬಿಳಿ ಹಾಳೆಯ ಮೇಲೆ ಬರೆದಳು. ಇಂಥ ದಿನ, ಇಷ್ಟು ಹೊತ್ತಿಗೆ, ನೂರಾ ಎಪ್ಪತ್ತೆರಡು, ನೂರಾ ಹದಿನಾಲ್ಕು, ನಾನೇ ಕಣ್ಣಾರೆ ನೋಡಿದ್ದು. ನೋಡಿಯೂ ಕಾರ್ಡಿನಲ್ಲಿ ಬರೆಯದೆ ಇದ್ದದ್ದು ನನ್ನ ತಪ್ಪು. ಸಹಿ ಹಾಕಿದಳು. ನಾಳೆಯಿಂದ ಈ ಕೋಣೆಯ ಕೀಲಿ ತನ್ನ ಬಳಿ ಇರುವುದಿಲ್ಲ ಎಂಬುದು ಸಹಿಯ ಕೊನೆಯ ಗೀಟಿನ ಜೊತೆಗೇ ಖಚಿತವಾಯಿತು. ಆ ಅಕ್ಕ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಸೀಲು?" ಎಂದಳು.

"ಸೀಲು ಅವರ ಹತ್ರ ಇರುತ್ತೆ."

"ಸೀಲಿಲ್ದೆ ಇದನ್ನ ಯಾರು ನೋಡ್ತಾರೆ?"

ಆದರೂ ಆ ಅಕ್ಕ ಹಾಳೆಯನ್ನು ನಾಲ್ಕಾಗಿ ಮಡಿಸಿ, ಎಕ್ಸರೇ ಕವರಿನ ಒಳಗಿಟ್ಟುಕೊಂಡಳು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಬಂದು ಸ್ಟೂಲಿನ ಮೇಲೆ ಕೂತು ರವಿಕೆಯ ತೋಳು ಮಡಿಸಿದಳು. "ನಂದೂ ನೋಡಿ. ಮನೆಯವರೆಲ್ಲ ನೋಡಿಸ್ಕೊಳ್ಳಿ ಅಂದಿದಾರೆ ಡಾಕ್ಟ್ರು. ಸರಿಯಾಗಿ ನೋಡಿ." ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬಾಗಿದ ಭುಜ, ತಮ್ಮನದೇ ತೆಳ್ಳಗಿನ ತೋಳು. ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಇರಬೇಕು. ನರ್ಸಕ್ಕ ಪಟ್ಟಿ ಸುತ್ತಿದಳು. ಅದು ಸರಿಯಾಗಿ ಕೂತಿದೆಯೇ ಎಂದು ಅಂಚಿನಲ್ಲಿ ಬೆರಳಿಟ್ಟು ನೋಡಿದಳು. ಅಂಕಿಗಳು ಏರಿದವು, ಇಳಿದವು, ಒಂದು ಕಡೆ ನಿಂತವು. ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಮ್ಮೆ ನೋಡಿದಳು.

"ನೂರಾ ಅರವತ್ತಾರು" ಎಂದಳು. "ಕೆಳಗಡೆದು ನೂರಾ ಎಂಟು. ಜಾಸ್ತಿ ಇದೆ. ತುಂಬ ಜಾಸ್ತಿ. ಇವತ್ತೇ, ಈಗಲೇ ಅದೇ ಡಾಕ್ಟರಿಗೆ ತೋರಿಸ್ಕೋಬೇಕು ನೀವು. ನಿಮ್ಮ ಕಿಡ್ನಿನೂ ನೋಡ್ಬೇಕಾಗುತ್ತೆ."

ಆ ಅಕ್ಕ ಗೋಡೆಯ ಗಡಿಯಾರ ನೋಡಿದಳು. "ಈಗ ಆಗಲ್ಲ. ಮೂರು ಗಂಟೆಗೆ ಅವನಿಗೆ ಗಂಜಿ ಕುಡಿಸ್ಬೇಕು. ನರ್ಸ್‌ಗಳು ಕುಡಿಸಿದ್ರೆ ಉಗೀತಾನೆ. ಆಮೇಲೆ ಹೊಲಿಗೆ ಕೊಡೋದಿದೆ." ತೋಳು ಇಳಿಸಿಕೊಂಡು ಚೀಲ ಎತ್ತಿಕೊಂಡಳು. "ಮುಂದಿನ ವಾರ ನೋಡೋಣ ಬಿಡಿ."

"ಮುಂದಿನ ವಾರ ಅನ್ನಬೇಡ್ರೀ!" ಎಂದು ನರ್ಸಕ್ಕ ಅವಳ ಹಿಂದೆಯೇ ಹೊರಗೆ ಬಂದಳು. ಕಾರಿಡಾರು ದಾಟಿ, ಸಾಮಾನು ಇಳಿಸುವ ಅಂಗಳ ದಾಟಿ, ಹುಡುಗರು ನಿಂತು ನೋಡುತ್ತಿದ್ದಾರೆಂಬುದನ್ನು ಲೆಕ್ಕಿಸದೆ ಗೇಟಿನವರೆಗೆ ದಾಪುಗಾಲು ಹಾಕಿದಳು. ಬಸ್ಸು ಆಗಲೇ ತಿರುವಿನಲ್ಲಿತ್ತು. ಅದನ್ನು ಕಂಡದ್ದೇ ಆ ಅಕ್ಕ ಚೀಲವನ್ನು ಬಗಲಿಗೆ ಸೇರಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ಓಡಲು ಶುರುಮಾಡಿದಳು. ಎಷ್ಟು ಹಗುರ, ಎಷ್ಟು ಚೆಂದ ಆ ಓಟ! ಗೇಟಿನ ಕಾವಲುಗಾರನೂ ಬಾಯಿ ಬಿಟ್ಟುಕೊಂಡು ನೋಡಿ, "ಏನು ಫಿಟ್ಟಾಗಿದಾಳಪ್ಪ" ಎಂದ.

"ಓಡ್ಬೇಡಿ!" ನರ್ಸಕ್ಕ ಕಿರುಚಿದಳು. "ಓಡ್ಬೇಡ್ರೀ!"

ಬಸ್ಸಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಅರೆಬರೆ ಕೇಳಿಸಿದ್ದರೆ ಅವಳು ಇನ್ನಷ್ಟು ಬೇಗ ಓಡುತ್ತಿದ್ದಳೋ ಏನೋ, ಯಾರೋ ಬಸ್ಸಿಗೆ ನಿಲ್ಲಲು ಕೂಗುತ್ತಿದ್ದಾರೆಂದು ತಿಳಿದು.